ನೀಲಸಾಗರದ ಬಡತನ

ಸಮುದ್ರವನ್ನು ರತ್ನಾಕರವೆಂದು ಕೊಂಡಾಡಿದ ಕವಿಗಳು ಅದರ ನೀಲವರ್ಣವನ್ನೂ ಮನದಣಿಯೆ ಬಣ್ಣಿಸಿರುವರು. ವಿಜ್ಞಾನದ ದೃಷ್ಟಿಗಾದರೋ ಆ ಕಡುನೀಲಿಯು ಬಡತನದ ಲಕ್ಷಣ. ಸಸ್ಯಪ್ಲವಕಗಳೆಂಬ ತೇಲುವ ಸೂಕ್ಷ್ಮಸಸ್ಯಗಳು ದಟ್ಟವಾಗಿರುವ ಕಡಲು ಹಸುರಾಗಿ ತೋರುವುದು. ಅವು ವಿರಳವಾದೆಡೆ ನೀರು ತಿಳಿಯಾಗಿ ನೀಲಿಯಾಗುವುದು. ಹವಾಯಿಯ ಓಆಹು ದ್ವೀಪದ ಉತ್ತರಕ್ಕೆ ಸುಮಾರು 100 ಕಿಲೋಮೀಟರು ದೂರದಲ್ಲಿರುವ ‘ಅಲೋಹಾ’ ವೀಕ್ಷಣಾನೆಲೆಯ ಜಲರಾಶಿ ಇಂಥದು. 1988ರಿಂದ ಹವಾಯಿ ವಿಶ್ವವಿದ್ಯಾನಿಲಯದ ಸಂಶೋಧಕರು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಅಲ್ಲಿಯ ನೀರನ್ನು ಪರೀಕ್ಷಿಸುತ್ತ ಬಂದಿದ್ದಾರೆ.

ಅಲ್ಲಿ ಬಿಸಿಲಿಗೆ ಬರವಿಲ್ಲ, ಬರವಿರುವುದು ಸಾರಜನಕಕ್ಕೆ. ಪ್ಲವಕಗಳಿಗೆ ಆಹಾರವಾಗುವ ನೈಟ್ರೇಟ್ ಆಳದ ತಣ್ಣೀರಿನಲ್ಲಿ ಯಥೇಚ್ಛವಾಗಿದೆ. ಆದರೆ ಕಾದು ಹಗುರವಾದ ಮೇಲ್ನೀರು ಅದರ ಮೇಲೆ ಮುಚ್ಚಳದಂತೆ ಕುಳಿತಿರುವುದರಿಂದ ಅದು ಸುಲಭವಾಗಿ ಮೇಲೇರಲಾರದು. ಹಾಗಿದ್ದೂ ಜೀವವ್ಯಾಪಾರ ನಿಂತಿಲ್ಲ. ಪ್ಲವಕವನ್ನು ತಿಂದ ಸೂಕ್ಷ್ಮಪ್ರಾಣಿಯು ಅಮೋನಿಯವನ್ನು ವಿಸರ್ಜಿಸುವುದು. ಸತ್ತುದನ್ನು ಬ್ಯಾಕ್ಟೀರಿಯಗಳು ಕೊಳೆಯಿಸಿ ಅದನ್ನೇ ಬಿಡುಗಡೆ ಮಾಡುವುವು. ಬಹುಬೇಗನೆ ಇನ್ನೊಂದು ಪ್ಲವಕವು ಅದನ್ನು ಹೀರಿಕೊಳ್ಳುವುದು. ಕಣಜವಿಲ್ಲದ ಮನೆಯಲ್ಲಿ ಅಂದಿನ ಕಾಯಕವೇ ಅಂದಿನ ಪ್ರಸಾದವಾಗುವ ಬಗೆಯಿದು. ಹೀಗೆ ಮರಳಿ ದೊರೆತ ಸಾರಜನಕದ ಬೆಳೆಯನ್ನೂ ಹೊಸದಾಗಿ ಬಂದುದರ ಬೆಳೆಯನ್ನೂ 1967ರಲ್ಲಿ ಡಗ್ಡೇಲ್ ಮತ್ತು ಗೋರಿಂಗ್ ಬೇರ್ಪಡಿಸಿ ತೋರಿದರು. ಬಡನೀರಿನಲ್ಲಿ ಮೊದಲನೆಯದೇ ಅಧಿಕ.

ದೇಹ ಕಿರಿದಾದಷ್ಟೂ ಅದರ ಪ್ರಮಾಣಕ್ಕೆ ಹೀರುವ ಹೊರಮೈ ಹೆಚ್ಚು. ಇಲ್ಲಿ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಿರಿದಾದ ಪ್ರೊಕ್ಲೊರೊಕಾಕಸ್ ಮೆರೆಯುವುದು ಅದಕ್ಕಾಗಿಯೇ.

ಆದರೂ ಪ್ರತಿ ಸುತ್ತಿನಲ್ಲಿಯೂ ಒಂದು ಪಾಲು ಆಳಕ್ಕೆ ಮುಳುಗಿ ಕೈತಪ್ಪುವುದು. ಕಡಲು ಬಿಸಿಯಾದಂತೆ ಮುಚ್ಚಳವು ಬಿಗಿಯಾಗಿ, ಕೆಳಗಿನಿಂದ ಬರುವ ಭರ್ತಿಯೂ ತಗ್ಗುವುದು. ಆಗ ಆಸರೆಯಾಗುವವು ನೀರಿನಲ್ಲಿ ಕರಗಿದ ಸಾರಜನಕಾನಿಲವನ್ನೇ ಆಹಾರವಾಗಿ ಮಾರ್ಪಡಿಸಬಲ್ಲ ಜೀವಿಗಳು. ತೊಗರಿ, ಹುರುಳಿಗಳ ಬೇರಿನ ಗಂಟುಗಳಲ್ಲಿ ನಡೆಯುವ ಕಾರ್ಯವೇ ಇದು. ಇವುಗಳಲ್ಲಿ ಟ್ರೈಕೊಡೆಸ್ಮಿಯಮ್ ಪ್ರಸಿದ್ಧ. ಮುಂಗಾರಿಗೆ ಮುನ್ನ, ಅರಬ್ಬೀ ಸಮುದ್ರವು ಶಾಂತವಾಗಿ ಕಾದಿರುವ ದಿನಗಳಲ್ಲಿ, ಗೋವಾ ಮತ್ತು ಕರ್ನಾಟಕದ ಕರಾವಳಿಯ ನೀರಿನ ಮೇಲೂ ಅದು ಮರದ ಹೊಟ್ಟಿನಂತೆ ಪಟ್ಟೆಪಟ್ಟೆಯಾಗಿ ತೇಲುವುದುಂಟು. ಅದಕ್ಕೂ ಕಬ್ಬಿಣ, ರಂಜಕಗಳು ಬೇಕು. ಅವಿಲ್ಲದೆಡೆ ಅದರ ಆಟವೂ ನಡೆಯದು.

ಇನ್ನೂ ಸೋಜಿಗದ ಸಂಗತಿಯೊಂದು 2024ರಲ್ಲಿ ಪ್ರಕಟವಾಯಿತು. ಸಾಗರದ ಒಂದು ಪಾಚಿಯೊಳಗೆ ಬಾಡಿಗೆದಾರನಂತೆ ವಾಸಿಸುವುದೆಂದು ತಿಳಿಯಲಾಗಿದ್ದ ಸಾರಜನಕಗ್ರಾಹಿ ಬ್ಯಾಕ್ಟೀರಿಯವು ವಾಸ್ತವವಾಗಿ ಆ ಪಾಚಿಯ ಅಂಗವೇ ಆಗಿಬಿಟ್ಟಿದೆ; ಜೀವಕೋಶವು ಒಡೆದು ಎರಡಾಗುವಾಗ ತಾನೂ ಒಡೆದು ಎರಡಾಗುತ್ತದೆ. ಅದಕ್ಕೆ ನೈಟ್ರೊಪ್ಲಾಸ್ಟ್ ಎಂದು ಹೆಸರಿಟ್ಟಿರುವರು.