ಐದನೆಯ ಅಲೆ

ಅನ್ಯಗ್ರಹದವರು ದಂಡೆತ್ತಿ ಬಂದರೆ ಮನುಷ್ಯಕುಲವನ್ನು ಹೇಗೆ ಅಳಿಸಿಯಾರು? ಅಮೆರಿಕದ ಲೇಖಕ ರಿಕ್ ಯಾನ್ಸಿಯವರು 2013ರಲ್ಲಿ ಹೊರತಂದ ‘ದಿ ಫಿಫ್ತ್ ವೇವ್’ ಕಾದಂಬರಿ ಇದನ್ನು ಐದು ಅಲೆಗಳಾಗಿ ವಿವರಿಸುತ್ತದೆ. ಮೊದಲು ವಿದ್ಯುತ್ತು ನಿಲ್ಲುತ್ತದೆ, ಬಳಿಕ ಕಡಲು ಉಕ್ಕುತ್ತದೆ, ಮೂರನೆಯದು ಮಹಾಮಾರಿ. ನಾಲ್ಕನೆಯದರಲ್ಲಿ ಶತ್ರು ಮನುಷ್ಯರೂಪದಲ್ಲಿಯೇ ತಿರುಗುವುದರಿಂದ ಯಾರನ್ನೂ ನಂಬುವಂತಿಲ್ಲ. ಉಳಿದ ಮಕ್ಕಳನ್ನು ಶಿಬಿರಕ್ಕೊಯ್ದು, ಬದುಕುಳಿದವರೇ ಶತ್ರುಗಳೆಂದು ನಂಬಿಸಿ, ಕೈಗೆ ಬಂದೂಕು ಕೊಡುತ್ತಾರೆ. ಆ ಮಕ್ಕಳೇ ಐದನೆಯ ಅಲೆ!

ಹದಿನಾರರ ಕ್ಯಾಸಿ ಮಾತ್ರ, ಆ ಶಿಬಿರ ಸೇರಿದ ಪುಟ್ಟ ತಮ್ಮ ಸ್ಯಾಮನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು, ಅವನ ಗೊಂಬೆಕರಡಿಯನ್ನು ಹೊತ್ತು ಒಂಟಿಯಾಗಿ ಹೊರಡುತ್ತಾಳೆ. ನಂಬಿಕೆಯನ್ನು ಕೆಡಿಸುವುದೇ ಶತ್ರುವಿನ ದೊಡ್ಡ ಆಯುಧ. ಕೊಟ್ಟ ಮಾತನ್ನು ನಡೆಸುವುದೇ ಅದಕ್ಕೆ ಎದುರಾಯುಧ. ಕಥೆ ಕಲ್ಪಿತವಾದರೂ ಈ ತಿಳಿವಳಿಕೆ ನಮ್ಮ ತರುಣ ವಾಚಕರಿಗೆ ಬೇಕಾದದ್ದೆಂದು ನಾವು ಭಾವಿಸುತ್ತೇವೆ.