'ಅನ್‌ಕಟ್ಟು' ಮತ್ತು ಅನ್‌ಸ್ವೇದ್



ನನ್ನ ಮಗಳು ಐದು ವರ್ಷದವಳಿದ್ದಾಗ ಹುಟ್ಟುಹಬ್ಬಕ್ಕೆ ಬಂದ ಉಡುಗೊರೆ ಹಿಡಿದುಕೊಂಡು, "ಅಮ್ಮಾ, ಇದನ್ನ ಅನ್‌ಕಟ್ಟು ಮಾಡ್ಲಾ?" ಎಂದಳು. ಬಂದವರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಆಮೇಲೆ ಬಹಳ ದಿನ ಅವಳು ಯಾರೆದುರೂ ಕನ್ನಡ ಮಾತಾಡಲಿಲ್ಲ.

ಈಗ ಅವಳು ಕಾಲೇಜಿನಲ್ಲಿದ್ದಾಳೆ. ಮೊನ್ನೆ ಈಜಿಪ್ಟಿನ ಮಮ್ಮಿಗಳ ಬಗ್ಗೆ ಓದುತ್ತಾ, "ಅಮ್ಮಾ, ಅನ್‌ಸ್ವೇದ್ ಅಂದ್ರೆ ಏನು?" ಎಂದು ಕೇಳಿದಳು.

'ಸ್ವೇದ್' ಹಳೆಯ ಇಂಗ್ಲಿಷಿನಿಂದ ಬಂದ ಪದ. ಉದ್ದನೆಯ ಬಟ್ಟೆಪಟ್ಟಿಯಿಂದ ಸುತ್ತುವುದು ಎಂದರ್ಥ. ಸಂಸ್ಕೃತದಲ್ಲಿ ಸ್ವೇದ ಎಂದರೆ ಬೆವರು. ಇದಕ್ಕೂ ಅದಕ್ಕೂ ನಂಟಿಲ್ಲ! ಎಳೆಗೂಸನ್ನು ಬೆಚ್ಚಗೆ ಸುತ್ತುವುದಕ್ಕೆ ಇಂಗ್ಲಿಷಿನಲ್ಲಿ 'ಸ್ವಾಡ್ಲ್' ಎನ್ನುತ್ತಾರಲ್ಲ, ಅದು ಇದೇ ಮನೆತನದ್ದು. ನಮ್ಮ ಬಾಣಂತಿ ಕೋಣೆಗಳಲ್ಲಿ ಅಜ್ಜಿಯರು ಹಳೆಯ ಮೆತ್ತನೆ ಸೀರೆಯಿಂದ ಮಾಡುವುದೂ ಅದನ್ನೇ. ಹಾಗೆ ಸುತ್ತಿದ್ದನ್ನು ಸುತ್ತುಸುತ್ತಾಗಿ ಬಿಚ್ಚಿದರೆ ಅದು ಅನ್‌ಸ್ವೇದ್. ಲಂಡನ್ನಿನಲ್ಲಿ 1830ರ ದಶಕದಲ್ಲಿ ಥಾಮಸ್ ಪೆಟಿಗ್ರೂ ಎಂಬ ಶಸ್ತ್ರವೈದ್ಯ ಜನರೆದುರೇ ಮಮ್ಮಿಗಳ ಪಟ್ಟಿಗಳನ್ನು ಬಿಚ್ಚಿ ತೋರಿಸುತ್ತಿದ್ದ. ಅಂಥ ಕಡೆ ಈ ಪದ ಸರಿಯಾಗಿ ಕೂರುತ್ತದೆ. ಉಡುಗೊರೆಯ ಕಾಗದಕ್ಕೆ 'ಅನ್‌ರ್‍ಯಾಪ್' ಸಾಕು.

ಇನ್ನು ಆ 'ಅನ್'. ಇಂಗ್ಲಿಷಿನಲ್ಲಿ ಎರಡು 'ಅನ್'ಗಳಿವೆ. 'ಅನ್‌ಹ್ಯಾಪಿ'ಯಲ್ಲಿರುವುದು 'ಅಲ್ಲ' ಎನ್ನುವ ಅನ್. ನಾವು ಸಂಸ್ಕೃತದಿಂದ ಪಡೆದ ಅನರ್ಹ, ಅನುಚಿತ ಪದಗಳಲ್ಲಿರುವ 'ಅನ್' ಇದರ ದೂರದ ನೆಂಟ. 'ಅನ್‌ಟೈ', 'ಅನ್‌ಸ್ವೇದ್'ಗಳಲ್ಲಿರುವುದು ಮಾಡಿದ ಕೆಲಸವನ್ನು ಹಿಂದಕ್ಕೆ ತಿರುಗಿಸುವ ಅನ್. ಅದರ ಮೂಲವೇ ಬೇರೆ. ಜರ್ಮನ್ ಭಾಷೆಯ 'ಎಂಟ್' ಅದರ ಒಡಹುಟ್ಟು. ಕಾಲಾಂತರದಲ್ಲಿ ಎರಡೂ ಒಂದೇ ರೂಪ ತಾಳಿದವು.

ಕನ್ನಡದ ಕ್ರಿಯಾಪದಗಳಿಗೆ ಇಂಥ ಬಾಲವೂ ಇಲ್ಲ, ಕೊಂಬೂ ಇಲ್ಲ. ಇಂಗ್ಲಿಷಿನವರು ಟೈ–ಅನ್‌ಟೈ, ಕವರ್–ಅನ್‌ಕವರ್, ಫೋಲ್ಡ್–ಅನ್‌ಫೋಲ್ಡ್ ಎಂದರೆ ನಾವು ಕಟ್ಟು–ಬಿಚ್ಚು, ಮುಚ್ಚು–ತೆರೆ, ಮಡಿಸು–ಬಿಡಿಸು ಎನ್ನುತ್ತೇವೆ. ಪ್ರತಿಯೊಂದಕ್ಕೂ ಬೇರೆಯೇ ಪದ. ಅದನ್ನು ಕೇಳಿ ಕೇಳಿಯೇ ಕಲಿಯಬೇಕು.

ಐದು ವರ್ಷದ ಮಗು ಇಂಗ್ಲಿಷಿನ ಒಂದು ನಿಯಮವನ್ನು ತಾನಾಗಿ ಗುರುತಿಸಿ ಕನ್ನಡಕ್ಕೆ ಜೋಡಿಸಿತ್ತು. ಎಂ.ಎ. ಓದಿದ ನಾನು ಅಂದು ನಗುವ ಬದಲು, "'ಬಿಚ್ಚಲಾ' ಅನ್ನು ಪುಟ್ಟಾ" ಎಂದಿದ್ದರೆ ಸಾಕಿತ್ತು. ಮೊನ್ನೆ ಅದನ್ನೇ ಅವಳಿಗೆ ಹೇಳಿದೆ. "ಪರವಾಗಿಲ್ಲ ಬಿಡಮ್ಮ" ಎಂದಳು, ಕನ್ನಡದಲ್ಲೇ.

ನಿಮ್ಮ ಮಾತಿಗೂ ಯಾರಾದರೂ ನಕ್ಕಿರಬಹುದು. ನಿಲ್ಲಿಸಬೇಡಿ. ಮನಸ್ಸು ಬಿಚ್ಚಿ ಮಾತಾಡಿ, ಪದಗಳು ಹಿಂದೆಯೇ ಬರುತ್ತವೆ.