ಪಟದ ಮುಂದೆ ನಿಂತವರು

ಮಾಸ್ಕೋ ನಗರದ ಲಾವ್ರೂಷಿನ್‌ಸ್ಕಿ ಓಣಿಯಲ್ಲಿ ಟ್ರೆಟ್ಯಾಕೋವ್ ಚಿತ್ರಶಾಲೆ ಎಂಬ ವಿಖ್ಯಾತ ಮಂದಿರವೊಂದುಂಟು. ಅಗಸೆನಾರಿನ ಬಟ್ಟೆಯ ವ್ಯಾಪಾರದಿಂದ ಶ್ರೀಮಂತನಾದ ಪಾವೆಲ್ ಟ್ರೆಟ್ಯಾಕೋವನು ೧೮೫೬ರಿಂದ ಮೊದಲುಗೊಂಡು ತನ್ನ ನಾಡಿನ ಕಲೆಗಾರರ ಚಿತ್ರಗಳನ್ನು ಒಂದೊಂದಾಗಿ ಕೊಂಡು ಮನೆಯ ಗೋಡೆಗಳ ಮೇಲೆ ತೂಗಹಾಕಿದನು. ೧೮೯೨ರಲ್ಲಿ ಆ ಸಂಗ್ರಹವನ್ನೆಲ್ಲ ತನ್ನ ಊರಿಗೇ ಒಪ್ಪಿಸಿಬಿಟ್ಟನು. ಅಲ್ಲಿನ ಪ್ರತಿಯೊಂದು ಪಟಕ್ಕೂ ಲೆಕ್ಕವಿದೆ: ಬರೆದವರಾರು, ಬರೆದುದು ಎಂದು, ಉದ್ದವೆಷ್ಟು, ಅಗಲವೆಷ್ಟು. ಆದರೆ ಅಂತಹ ಪಟ್ಟಿಗಳಲ್ಲಿ ಸೇರದ ಇನ್ನೊಂದು ಲೆಕ್ಕವುಂಟು. ಆ ಪಟಗಳ ಮುಂದೆ ನಿಂತವರ ಎದೆಯಲ್ಲಿ ಏನಾಯಿತು ಎಂಬುದೇ ಆ ಲೆಕ್ಕ.

ಹಾಡು ಕೇಳಿ ತಲೆದೂಗುವುದು, ನಾಟಕ ನೋಡಿ ಕಣ್ಣೊರಸಿಕೊಳ್ಳುವುದು ಎಲ್ಲರಿಗೂ ಪರಿಚಿತವಾದ ಸಂಗತಿ. ಚಲಿಸದ, ಮಾತನಾಡದ, ಬಟ್ಟೆಯ ಮೇಲೆ ಬಳಿದ ಬಣ್ಣ ಮನುಷ್ಯನನ್ನು ಅಷ್ಟರಮಟ್ಟಿಗೆ ಅಲುಗಿಸಬಲ್ಲುದೆ? ಹತ್ತೊಂಬತ್ತನೆಯ ಶತಮಾನದ ಮೂರು ರಷ್ಯನ್ ಚಿತ್ರಗಳ ಕಥೆ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಒಂದರ ಮುಂದೆ ಜನ ಬೆರಗಾಗಿ ನಿಂತರು; ಇನ್ನೊಂದರ ಮುಂದೆ ಒಬ್ಬ ತಾಯಿ ಮಂಡಿಯೂರಿದಳು; ಮೂರನೆಯದರ ಮೇಲೆ ಒಬ್ಬಾತ ಚೂರಿಯೆತ್ತಿದನು.

ದೀಪವೆಲ್ಲಿದೆ?

೧೮೮೦ರ ಶರತ್ಕಾಲ. ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಆರ್ಖಿಪ್ ಕುಯಿಂಜಿ ಎಂಬ ಚಿತ್ರಕಾರನು ಒಂದೇ ಒಂದು ಪಟದ ಪ್ರದರ್ಶನವನ್ನು ಏರ್ಪಡಿಸಿದನು. ಕುಯಿಂಜಿ ದಕ್ಷಿಣದ ಮಾರಿಯುಪೋಲಿನವನು. ಬಡ ಚಮ್ಮಾರನ ಮಗ. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡವನು. ಆತ ತಂದಿರಿಸಿದ ಪಟದ ಹೆಸರು 'ನೀಪರ್ ನದಿಯ ಮೇಲೆ ಬೆಳದಿಂಗಳ ರಾತ್ರಿ'. ಅದರಲ್ಲಿ ಕಥೆಯಿಲ್ಲ, ನಾಯಕನಿಲ್ಲ, ಘಟನೆಯಿಲ್ಲ. ವಿಶಾಲವಾದ ಕತ್ತಲೆ, ಮೋಡಗಳ ನಡುವೆ ಹಸುರುಗೂಡಿದ ಚಂದ್ರ, ಕೆಳಗೆ ಬೆಳ್ಳಿಯಂತೆ ಮಿನುಗುವ ಹೊಳೆ, ದಡಕ್ಕೆ ಅಂಟಿಕೊಂಡ ಕೆಲವು ಗುಡಿಸಲುಗಳು, ಇಷ್ಟೆ.

ಕುಯಿಂಜಿ ಕೋಣೆಯ ಕಿಟಕಿಗಳಿಗೆಲ್ಲ ಪರದೆ ಎಳೆಯಿಸಿ, ಪಟದ ಮೇಲೆ ಮಾತ್ರ ವಿದ್ಯುದ್ದೀಪದ ಬೆಳಕು ಬೀಳುವಂತೆ ಮಾಡಿದ್ದನು. ಬೀದಿಯಲ್ಲಿ ಜನ ಸಾಲುಗಟ್ಟಿದರು. ಒಳಗೆ ಕಾಲಿಟ್ಟವರು ಮಾತು ಮರೆತರು. ಬಣ್ಣ ಹೀಗೆ ಬೆಳಗುವುದು ಸಾಧ್ಯವೇ ಇಲ್ಲವೆಂದು ಸಂಶಯಗೊಂಡು, ಎಲ್ಲಿಯೋ ದೀಪ ಬಚ್ಚಿಟ್ಟಿರಬೇಕೆಂದು ಪಟದ ಹಿಂಬದಿಗೆ ಇಣಿಕಿ ನೋಡಿದವರೂ ಇದ್ದರಂತೆ. ಹಿಂದೆ ಏನಿತ್ತು? ಬಟ್ಟೆಯ ಬೆನ್ನು, ಮರದ ಚೌಕಟ್ಟು, ಅಷ್ಟೆ. ಇಣಿಕಿ ನೋಡಿದವರನ್ನು ಹಾಸ್ಯಮಾಡುವುದು ಸುಲಭ. ಆದರೆ ಬೆರಗಿನ ಸ್ವಭಾವವೇ ಅಂತಹದು. ಹಾವಾಡಿಗನ ಬುಟ್ಟಿಯ ಮುಂದೆ ಕುಳಿತ ಮಗುವಿನಂತೆ ಅದು ನಂಬುತ್ತದೆ, ಮರುಕ್ಷಣವೇ ಪರೀಕ್ಷಿಸಲು ಹೊರಡುತ್ತದೆ.

ಈ ಪಟವನ್ನು ಚಕ್ರವರ್ತಿಯ ಮನೆತನದ ತರುಣ ಕಾನ್‌ಸ್ಟಂಟೀನನು ೫,೦೦೦ ರೂಬಲ್‌ಗಳಿಗೆ ಕೊಂಡನು. ಆತ ನೌಕಾದಳದಲ್ಲಿದ್ದವನು. ಪಟವನ್ನು ಬಿಟ್ಟಿರಲಾರದೆ, ಸಮುದ್ರಯಾನಕ್ಕೆ ಹೊರಟಾಗ ಅದನ್ನೂ ಹಡಗಿಗೇರಿಸಿದನು. ಕಡಲ ಗಾಳಿ ಬಣ್ಣಕ್ಕೆ ಒಳ್ಳೆಯದಲ್ಲವೆಂದು ಕಾದಂಬರಿಕಾರ ತುರ್ಗೆನೆವ್ ಬೇಡಿಕೊಂಡರೂ ಕೇಳಲಿಲ್ಲ. ಇಂದು ಸೇಂಟ್ ಪೀಟರ್ಸ್‌ಬರ್ಗಿನ ರಷ್ಯನ್ ಮ್ಯೂಸಿಯಮ್ಮಿನಲ್ಲಿರುವ ಆ ಚಿತ್ರ ಮೊದಲಿನಷ್ಟು ಬೆಳಗುವುದಿಲ್ಲ. ಉಪ್ಪುಗಾಳಿಯಿಂದ ಸ್ವಲ್ಪ, ಕುಯಿಂಜಿ ಬಳಸಿದ ಬಣ್ಣಗಳ ಗುಣದಿಂದ ಸ್ವಲ್ಪ, ಅದು ಕಪ್ಪಿಟ್ಟಿದೆ. ಅತಿಯಾದ ಪ್ರೀತಿಯೂ ಪಟಕ್ಕೆ ಕೇಡು ತರಬಲ್ಲುದು.

ಕುಯಿಂಜಿಯ ಬೆಳಕಿನ ಒಂದು ಕಿರಣ ಕನ್ನಡನಾಡಿಗೂ ಬಂದು ಸೇರಿತೆಂಬುದು ವಿಶೇಷ. ಆತನ ಬಳಿ ಕಲಿತವರಲ್ಲಿ ನಿಕೊಲಾಸ್ ರೋರಿಕ್ ಒಬ್ಬನು. ನಿಕೊಲಾಸನ ಮಗ ಸ್ವೆತೊಸ್ಲಾವ್ ರೋರಿಕ್, ಪತ್ನಿ ದೇವಿಕಾರಾಣಿಯವರೊಡನೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲಸಿ, ೧೯೯೩ರಲ್ಲಿ ತೀರಿಕೊಂಡರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕರ ಬೆಟ್ಟಗಳ ಮೇಲೆ ಹೊಳೆಯುವ ಬಣ್ಣವನ್ನು ಕಂಡವರು, ಆ ವಿದ್ಯೆಯ ಮೂಲಗುರುವನ್ನು ನೀಪರ್ ದಡದಲ್ಲಿ ಹುಡುಕಬಹುದು.

ಮುರಿದ ಹಲ್ಲು

ಬೆರಗು ನೋಡುವವರೆಲ್ಲರಿಗೂ ಸಾಮಾನ್ಯ. ದುಃಖ ಹಾಗಲ್ಲ, ಅದು ಒಬ್ಬೊಬ್ಬರ ಮನೆಯ ವಿಳಾಸ ಕೇಳಿಕೊಂಡು ಬರುತ್ತದೆ.

ವಸಿಲಿ ಪೆರೋವನು ೧೮೬೬ರಲ್ಲಿ ಮುಗಿಸಿದ 'ಟ್ರೋಯ್ಕಾ' ಎಂಬ ಚಿತ್ರ ಟ್ರೆಟ್ಯಾಕೋವ್ ಚಿತ್ರಶಾಲೆಯಲ್ಲಿದೆ. ಟ್ರೋಯ್ಕಾ ಎಂದರೆ ಮೂರು ಕುದುರೆ ಹೂಡಿದ ಬಂಡಿ. ಆದರೆ ಪಟದಲ್ಲಿ ಕುದುರೆಗಳಿಲ್ಲ. ಚಳಿಗಾಲದ ಮುಸ್ಸಂಜೆಯಲ್ಲಿ ಮೂವರು ಮಕ್ಕಳು ಹೆಗಲಿಗೆ ಹಗ್ಗ ಹಾಕಿಕೊಂಡು, ಮಂಜುಗಟ್ಟಿದ ನೀರಿನ ದೊಡ್ಡ ಪೀಪಾಯಿಯನ್ನು ಜಾರುಬಂಡಿಯ ಮೇಲೆ ಎಳೆಯುತ್ತಿದ್ದಾರೆ. ಕಸುಬು ಕಲಿಯಲೆಂದು ಯಜಮಾನರ ಮನೆಗೆ ಸೇರಿ, ಎಲ್ಲ ಚಾಕರಿಯನ್ನೂ ಮಾಡಬೇಕಾಗಿದ್ದ ಬಡ ಮಕ್ಕಳು ಅವರು.

ಅಕ್ಕಪಕ್ಕದ ಮಕ್ಕಳನ್ನು ಬರೆದು ಮುಗಿಸಿದರೂ ನಡುವಿನ ಹುಡುಗನಿಗೆ ತಕ್ಕ ಮುಖ ಪೆರೋವನಿಗೆ ಸಿಕ್ಕಿರಲಿಲ್ಲ. ಒಂದು ವಸಂತದ ದಿನ ಮಾಸ್ಕೋದ ಹೊರವಲಯದಲ್ಲಿ ಯಾತ್ರೆ ಹೊರಟ ಹಳ್ಳಿಯ ಜನರ ನಡುವೆ ಅಂತಹ ಮುಖ ಕಣ್ಣಿಗೆ ಬಿತ್ತು. ಹುಡುಗನ ಹೆಸರು ವಾಸ್ಯಾ. ಜೊತೆಯಲ್ಲಿದ್ದವಳು ತಾಯಿ, ಗಂಡನನ್ನೂ ಉಳಿದ ಮಕ್ಕಳನ್ನೂ ಮಣ್ಣಿಗೆ ಕೊಟ್ಟು ಇವನೊಬ್ಬನನ್ನೇ ನೆಚ್ಚಿದ್ದವಳು. ಚಿತ್ರ ಬರೆಯುತ್ತೇನೆಂದಾಗ ಆಕೆ ಬೆದರಿದಳು. ಪಟ ಬರೆಯಿಸಿಕೊಂಡವರು ಸೊರಗುತ್ತಾರೆ, ಸಾಯುತ್ತಾರೆ ಎಂದು ಆಕೆಯ ಕಡೆ ನಂಬಿಕೆ. ಅರಸರೂ ಧರ್ಮಗುರುಗಳೂ ಪಟ ಬರೆಯಿಸಿಕೊಳ್ಳುತ್ತಾರೆ, ಸಂತ ಲೂಕನೇ ಸ್ವತಃ ಚಿತ್ರಕಾರನಾಗಿದ್ದನು ಎಂದು ಹೇಳಿ ಪೆರೋವ್ ಹೇಗೋ ಆಕೆಯನ್ನು ಒಪ್ಪಿಸಿದನು. ಆ ದಿನವೇ ವಾಸ್ಯಾನ ಮುಖ ಪಟದ ನಡುವೆ ಸೇರಿತು.

ಕೆಲವು ವರ್ಷಗಳಾದ ಮೇಲೆ ಆ ತಾಯಿ ಪೆರೋವನ ಮನೆಬಾಗಿಲಿಗೆ ಬಂದಳು. ಕೈಯಲ್ಲಿ ಕಾಣಿಕೆಯೆಂದು ತಂದ ಮೊಟ್ಟೆಗಳ ಗಂಟು. ವಾಸ್ಯಾ ಸಿಡುಬಿನಿಂದ ಸತ್ತಿದ್ದನು. ಆಕೆ ಪೆರೋವನನ್ನು ದೂರಲಿಲ್ಲ. ತನ್ನ ಹಳೆಯ ಭಯವನ್ನು ನೆನಪಿಸಲಿಲ್ಲ. ಇದ್ದಬದ್ದುದನ್ನು ಮಾರಿ, ಚಳಿಗಾಲವೆಲ್ಲ ದುಡಿದು ಕೂಡಿಸಿದ ಹಣವನ್ನು ಮುಂದಿಟ್ಟು, ಆ ಪಟವನ್ನು ತನಗೆ ಮಾರಬೇಕೆಂದು ಬೇಡಿದಳು.

ಪಟ ಆಗಲೇ ಟ್ರೆಟ್ಯಾಕೋವನ ಕೈಸೇರಿತ್ತು. ಪೆರೋವ್ ಆಕೆಯನ್ನು ಅಲ್ಲಿಗೆ ಕರೆದುಕೊಂಡು ಹೋದನು. ಗೋಡೆಯ ತುಂಬ ಚಿತ್ರಗಳು. ಯಾವುದೆಂದು ಯಾರೂ ತೋರಿಸಬೇಕಾಗಲಿಲ್ಲ. ಆಕೆ ನೆಟ್ಟಗೆ ಹೋಗಿ ಆ ಪಟದ ಮುಂದೆ ನಿಂತಳು. ಮಗನನ್ನು ಹೆಸರಿಟ್ಟು ಕರೆದಳು. ಅವನ ಮುರಿದ ಹಲ್ಲು ಕೂಡ ಅಲ್ಲಿರುವುದನ್ನು ಕಂಡು ಗೋಳಿಟ್ಟಳು. ಮಂಡಿಯೂರಿ, ದೇವರ ಪಟದ ಮುಂದೆ ಮಾಡುವಂತೆ ಬಹಳ ಹೊತ್ತು ಪ್ರಾರ್ಥನೆ ಮಾಡಿದಳು. ಈ ಸಂಗತಿಯನ್ನೆಲ್ಲ ಪೆರೋವನೇ ಬರೆದಿಟ್ಟಿದ್ದಾನೆ. ಮುಂದೆ ಆತ ವಾಸ್ಯಾನ ಭಾವಚಿತ್ರವೊಂದನ್ನು ಬೇರೆಯಾಗಿ ಬರೆದು, ಕಟ್ಟು ಹಾಕಿಸಿ, ಆಕೆಯ ಹಳ್ಳಿಗೆ ಕಳುಹಿಸಿದನು. ಅದನ್ನು ದೇವರ ಪಟಗಳ ಸಾಲಿನಲ್ಲಿಯೇ ತೂಗಹಾಕಿರುವುದಾಗಿ ಆಕೆ ಉತ್ತರ ಬರೆಯಿಸಿದಳು.

"ರಕ್ತ ಸಾಕು!"

ಮೂರನೆಯ ಚಿತ್ರವೂ ಒಬ್ಬ ಮಗನ ಸಾವಿನದು. ೧೫೮೧ರಲ್ಲಿ ರಷ್ಯದ ಅರಸು ಭಯಂಕರ ಇವಾನನು ಕೋಪದ ಭರದಲ್ಲಿ ದಂಡದಿಂದ ಹೊಡೆದುದರಿಂದ ಆತನ ಮಗ, ಯುವರಾಜ ಇವಾನ್, ಸತ್ತನೆಂದು ಪ್ರಸಿದ್ಧಿ. ಇಲ್ಯಾ ರೇಪಿನ್ ಹೊಡೆತವನ್ನು ಬರೆಯಲಿಲ್ಲ. ಹೊಡೆದ ಮರುಕ್ಷಣವನ್ನು ಬರೆದನು. ಕೆಂಪು ಜಮಖಾನೆಯ ಮೇಲೆ ಕುಸಿದ ಮಗನನ್ನು ಮುದಿ ತಂದೆ ಬಾಚಿ ತಬ್ಬಿ, ಕಣತಲೆಯಿಂದ ಚಿಮ್ಮುವ ರಕ್ತವನ್ನು ಅಂಗೈಯಿಂದ ಅದುಮಿ ಹಿಡಿದಿದ್ದಾನೆ. ಆತನ ಕಣ್ಣುಗುಡ್ಡೆಗಳು ಹೊರಕ್ಕೆ ಚಾಚಿವೆ. ಮಗನ ಮುಖದಲ್ಲಿ ಮಾತ್ರ ಸಿಟ್ಟಿಲ್ಲ. ಕೆನ್ನೆಯ ಮೇಲೊಂದು ಕಂಬನಿಯಿದೆ.

ಇದನ್ನು ಬರೆಯುವಾಗ ರೇಪಿನ್ ತಾನೇ ಹೆದರಿ ಪಟವನ್ನು ಮರೆಮಾಡಿಡುತ್ತಿದ್ದನಂತೆ. ೧೮೮೧ರಲ್ಲಿ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನು ಬಾಂಬಿಗೆ ಬಲಿಯಾಗಿದ್ದನು, ಕೊಂದವರು ಗಲ್ಲಿಗೇರಿದ್ದರು. ಗಾಳಿಯಲ್ಲಿಯೇ ರಕ್ತದ ವಾಸನೆಯಿದ್ದ ಕಾಲ. ೧೮೮೫ರಲ್ಲಿ ಚಿತ್ರ ಪ್ರದರ್ಶನಕ್ಕೆ ಬಂದಾಗ ರಾಜಸಭೆಯ ಪ್ರಭಾವಶಾಲಿ ಪೊಬೆದೊನೊಸ್ತ್ಸೆವನು ಅಸಹ್ಯಪಟ್ಟು ಚಕ್ರವರ್ತಿಗೆ ಬರೆದನು. ಚಿತ್ರವನ್ನು ಸಾರ್ವಜನಿಕರಿಗೆ ತೋರಿಸಬಾರದೆಂದು ಆಜ್ಞೆಯಾಯಿತು. ಕೆಲವು ತಿಂಗಳ ಮೇಲೆ ಆ ನಿಷೇಧ ರದ್ದಾಯಿತು.

೧೯೧೩ರ ಜನವರಿಯಲ್ಲಿ, ದೇವರ ಪಟಗಳನ್ನು ಬರೆಯುವ ಕಸುಬಿನ ಒಬ್ಬ ತರುಣ ಚಿತ್ರಶಾಲೆಗೆ ಬಂದನು. ರೇಪಿನ್ನನ ಪಟದ ಮುಂದೆ ನಿಂತವನು ರಕ್ತ ಸಾಕೆಂದು ಕೂಗುತ್ತ, ಚೂರಿಯಿಂದ ತಂದೆಮಕ್ಕಳ ಮುಖದ ಮೇಲೆ ಮೂರು ಬಾರಿ ಇರಿದನು. ಆತನ ಮನಸ್ಸು ಸ್ವಸ್ಥವಾಗಿರಲಿಲ್ಲ. ಪಟವನ್ನು ಕಾಯುವ ಹೊಣೆ ಹೊತ್ತಿದ್ದ ಖ್ರುಸ್ಲೋವನು ಸುದ್ದಿಯ ಆಘಾತ ತಾಳಲಾರದೆ ರೈಲಿಗೆ ಅಡ್ಡಬಿದ್ದು ಪ್ರಾಣಬಿಟ್ಟನು. ಪಟವನ್ನು ಮತ್ತೆ ಸರಿಪಡಿಸಬಹುದಾಗಿತ್ತು, ಸರಿಪಡಿಸಿದರು. ಮನುಷ್ಯನನ್ನು ಸರಿಪಡಿಸುವವರಾರು?

ಆಗ ಕವಿ ವೊಲೋಶಿನ್ ವಿಚಿತ್ರವಾದ ವಾದವೊಂದನ್ನು ಹೂಡಿದನು. ತಪ್ಪು ತರುಣನದಲ್ಲ, ಪಟದ್ದೇ. ಇಷ್ಟೊಂದು ಘೋರವನ್ನು ಕಣ್ಣಮುಂದೆ ಹಿಡಿದರೆ ನೋಡುವವನ ಬುದ್ಧಿ ಕದಡದೆ ಇರುವುದೆ ಎಂದು ಸಭೆಯಲ್ಲಿ ಮಾತನಾಡಿದನು. ಮುದುಕನಾಗಿದ್ದ ರೇಪಿನ್ ಆ ಸಭೆಯಲ್ಲಿಯೇ ಇದ್ದನು. ೨೦೧೮ರ ಮೇ ತಿಂಗಳಿನಲ್ಲಿ ಇನ್ನೊಬ್ಬಾತ ಲೋಹದ ಕಂಬವೊಂದನ್ನೆತ್ತಿ ಅದೇ ಪಟದ ಗಾಜನ್ನು ಒಡೆದನು. ಬಟ್ಟೆ ಮೂರು ಕಡೆ ಹರಿಯಿತು. ಅದೃಷ್ಟವಶಾತ್ ಮುಖಗಳಿಗೂ ಕೈಗಳಿಗೂ ಅಪಾಯವಾಗಲಿಲ್ಲ. ಚಿತ್ರದಲ್ಲಿರುವುದು ಸುಳ್ಳು ಚರಿತ್ರೆಯೆಂಬುದು ಆತನ ವಾದ. ನ್ಯಾಯಾಲಯ ಆತನಿಗೆ ಎರಡೂವರೆ ವರ್ಷಗಳ ಸೆರೆಮನೆ ವಿಧಿಸಿತು.

ಸಹೃದಯರು ಯಾರು?

ನಮ್ಮ ಆಲಂಕಾರಿಕರು ಕಲೆಯನ್ನು ಆಸ್ವಾದಿಸುವವನಿಗೆ ಸಹೃದಯನೆಂದು ಹೆಸರಿಟ್ಟರು. ಲೋಕದಲ್ಲಿ ಶೋಕವೆಂಬುದು ಬರಿಯ ನೋವು; ಕಲೆಯಲ್ಲಿ ಅದೇ ಕರುಣರಸವಾಗುತ್ತದೆ. 'ಇದು ನನ್ನದು, ಅದು ಪರರದು' ಎಂಬ ಕಟ್ಟು ಕಳಚಿದಾಗ ಮಾತ್ರ ಈ ಮಾರ್ಪಾಡು ಸಾಧ್ಯ. ಇದನ್ನೇ ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದನು. ಅಭಿನವಗುಪ್ತನು ಆ ವಿಚಾರವನ್ನು ಬೆಳೆಸಿದನು.

ಈ ಅಳತೆಗೋಲನ್ನು ಹಿಡಿದರೆ ವಾಸ್ಯಾನ ತಾಯಿಯನ್ನು ಸಹೃದಯಳೆನ್ನುವಂತಿಲ್ಲ. ಪೆರೋವ್ ಬರೆದುದು ನಾಡಿನ ಬಡ ಮಕ್ಕಳೆಲ್ಲರ ಪಾಡನ್ನು. ಆಕೆ ಕಂಡುದು ತನ್ನ ಒಬ್ಬ ಮಗನನ್ನು. ಚೂರಿ ಹಿಡಿದವನೂ ಸಹೃದಯನಲ್ಲ. ಬಣ್ಣದ ರಕ್ತವನ್ನು ಲೋಕದ ರಕ್ತವೆಂದೇ ಬಗೆದವನು. ಶಾಸ್ತ್ರದ ದೃಷ್ಟಿಯಲ್ಲಿ ಇಬ್ಬರೂ ಒಂದೇ ಕಡೆ ಎಡವಿದರು. ಆದರೂ ಅವರಿಬ್ಬರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಲು ಮನಸ್ಸು ಒಪ್ಪುವುದಿಲ್ಲ. ಏಕೆ?

ತಾಯಿಗೆ ಪಟದಲ್ಲಿ ಬೇಕಾದುದು ಒಂದು ಮುಖ. ಆ ಮುಖವನ್ನು ಅದರ ಮುರಿದ ಹಲ್ಲಿನವರೆಗೂ ಬಿಡದೆ ನೋಡಿದಳು. ತರುಣನ ಕಣ್ಣು ರಕ್ತದ ಬಳಿಯೇ ನಿಂತುಹೋಯಿತು. ಅದನ್ನು ದಾಟಿ ತಂದೆಯ ತೋಳುಗಳವರೆಗೆ, ಮಗನ ಕೆನ್ನೆಯ ಕಂಬನಿಯವರೆಗೆ ಹೋಗಲಿಲ್ಲ. ೨೦೧೮ರಲ್ಲಿ ಬಂದವನಿಗಂತೂ ಪಟಕ್ಕಿಂತ ತನ್ನ ಅಭಿಪ್ರಾಯವೇ ದೊಡ್ಡದಾಗಿತ್ತು. ಒಂದು ಶತಮಾನಕ್ಕೂ ಮಿಕ್ಕಿ ಅಸಂಖ್ಯಾತ ಜನ ಅದೇ ಪಟದ ಮುಂದೆ ನಿಂತು, ಮೈ ನಡುಗಿದರೂ ಸುಮ್ಮನೆ ಮನೆಗೆ ಹಿಂದಿರುಗಿದ್ದಾರೆ. ಹೀಗಿರುವಾಗ ವೊಲೋಶಿನ್ನನಂತೆ ತಪ್ಪನ್ನೆಲ್ಲ ಬಣ್ಣದ ತಲೆಗೆ ಕಟ್ಟುವುದು ನ್ಯಾಯವಲ್ಲ. ಪಟ ಭಾವವನ್ನು ಎಬ್ಬಿಸುತ್ತದೆ. ಎದ್ದ ಭಾವವನ್ನು ಹೊತ್ತುಕೊಂಡು ಇನ್ನೂ ಸ್ವಲ್ಪ ಹೊತ್ತು ನಿಲ್ಲುವುದು ನೋಡುವವನ ಪಾಲಿನ ಕೆಲಸ.

ಆ ತಾಯಿಯ ಕಣ್ಣೀರು ವ್ಯರ್ಥವೂ ಆಗಲಿಲ್ಲ. ಸಾವಿರಾರು ಮಕ್ಕಳಿಗೆ ಗುರುತಾಗಿ ಒಂದು ಮುಖವನ್ನು ಬಳಸಿಕೊಂಡಿದ್ದ ಚಿತ್ರಕಾರನು, ಆಕೆಗೋಸ್ಕರ ಆ ಮುಖವೊಂದನ್ನೇ ಮತ್ತೆ ಬರೆದನು. ಆಕೆಯ ಕಥೆಯನ್ನು ಅರಿತು 'ಟ್ರೋಯ್ಕಾ' ಚಿತ್ರದ ಮುಂದೆ ನಿಲ್ಲುವವರು ಬಡತನ, ಚಳಿ, ಅನ್ಯಾಯ ಎಂದು ದೊಡ್ಡ ಮಾತುಗಳನ್ನು ಯೋಚಿಸುವುದಕ್ಕೆ ಮೊದಲು, ನಡುವಿನ ಹುಡುಗನ ತೆರೆದ ಬಾಯಿಯನ್ನು ನೋಡುತ್ತಾರೆ. ಅವನಿಗೆ ಒಂದು ಹೆಸರಿದೆ. ಅವನನ್ನು ಹುಡುಕಿಕೊಂಡು ಒಬ್ಬಳು ಬಂದಿದ್ದಳು.